ಫೈಲಿನ ತಲೆಯ ಮೇಲೊಂದು ಸಾಲು

ಕನ್ನಡದ ಯಾವುದೇ ಪುಸ್ತಕ ತೆರೆದು ನೋಡಿ, ಶುರುವಿನ ಪುಟಗಳಲ್ಲಿ ಹಕ್ಕುಗಳು ಯಾರವು ಎಂಬ ಸಾಲು ಇರುತ್ತದೆ. ಪುಸ್ತಕಕ್ಕೆ ಅದೊಂದೇ ಸಾಕು. ಅದರ ಹಾಳೆ ಕಿತ್ತು ಇನ್ನೊಂದು ಪುಸ್ತಕಕ್ಕೆ ಯಾರೂ ಹೊಲಿಯುವುದಿಲ್ಲ. ಮುಕ್ತ ತಂತ್ರಾಂಶದಲ್ಲಾದರೋ ನಡೆಯುವುದೇ ಅದು. ಒಂದು ಯೋಜನೆಯ ಫೈಲು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಒಂಟಿಯಾಗಿ ಹೋಗುತ್ತದೆ. ಆದ್ದರಿಂದ ಪ್ರತಿ ಫೈಲಿನ ತಲೆಯಲ್ಲೂ ಅದರ ಲೈಸೆನ್ಸು ಯಾವುದೆಂದು ಒಂದೇ ಕ್ರಮದಲ್ಲಿ ಬರೆದಿರಬೇಕು ಎಂಬುದು ನನ್ನ ವಾದ. ಇದು ಬರೀ ಗುಮಾಸ್ತಿಕೆ ಎಂದು ಮೂಗು ಮುರಿಯುವವರ ಜೊತೆ ನನಗೆ ಜಗಳವಿದೆ.

ಎಲ್ಲರಿಗೂ ಕಾಣುವಂತೆ ಇಟ್ಟ ಮೇಲೆ ಯಾರಾದರೂ ಬಳಸಬಹುದು ಎಂದು ಬಹಳ ಮಂದಿ ನಂಬಿದ್ದಾರೆ. ಕಾನೂನು ಹಾಗೆನ್ನುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮು ಕೂಡ ಸಾಹಿತ್ಯ ಕೃತಿಯೇ. ಕತೆ ಕವಿತೆಗಳ ಪಂಕ್ತಿಯಲ್ಲೇ ಅದೂ ಕೂತಿದೆ. ಬರೆದವರು ಅನುಮತಿ ಕೊಡದಿದ್ದರೆ ಅನುಮತಿ ಇಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಇಲ್ಲಿ ನಡೆಯದು.

ಬರೆದವರಾದರೂ ಹೇಗೆ ಬರೆದರು? ಜಿಪಿಎಲ್ ಲೈಸೆನ್ಸಿನ ಹಳೆಯ ಸೂಚನೆಯಲ್ಲಿ, ಪ್ರತಿ ಸಿಗದಿದ್ದರೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿಗೆ ಪತ್ರ ಬರೆಯಿರಿ ಎಂಬ ಮಾತೂ ಅಂಚೆ ವಿಳಾಸವೂ ಇದ್ದವು. ವಿಳಾಸ ಮೊದಲು ಕೇಂಬ್ರಿಜ್‌ನದು, ಆಮೇಲೆ ಬಾಸ್ಟನ್ನಿನ ಟೆಂಪಲ್ ಪ್ಲೇಸ್, ಆಮೇಲೆ ಫ್ರಾಂಕ್ಲಿನ್ ಸ್ಟ್ರೀಟ್. 2024ರಲ್ಲಿ ಆ ಕಚೇರಿಯೂ ಮುಚ್ಚಿತು. ಫೈಲುಗಳು ಮಾತ್ರ ಇಂದಿಗೂ ಖಾಲಿ ಮನೆಗಳ ವಿಳಾಸ ಹೊತ್ತು ತಿರುಗುತ್ತಿವೆ.

2017ರ ನವೆಂಬರಿನಲ್ಲಿ ಲಿನಕ್ಸ್ ಕರ್ನೆಲ್ಲಿನವರು ಈ ಗೋಜಲಿಗೆ ಕೈಹಾಕಿದರು. ಸುಮಾರು 11,000 ಫೈಲುಗಳಲ್ಲಿ ಲೈಸೆನ್ಸಿನ ಸುದ್ದಿಯೇ ಇರಲಿಲ್ಲ. ಅವಕ್ಕೆಲ್ಲ ಎಸ್‌ಪಿಡಿಎಕ್ಸ್ ಎಂಬ ಕ್ರಮದ ಒಂದೊಂದು ಸಾಲು ಸೇರಿಸಿದರು. ಮನುಷ್ಯರೂ ಓದಬಹುದು, ಯಂತ್ರವೂ ಓದಬಹುದು. 2021ರಲ್ಲಿ ಎಸ್‌ಪಿಡಿಎಕ್ಸ್ ಅಂತರರಾಷ್ಟ್ರೀಯ ಮಾನಕವೂ ಆಯಿತು.

ಇದೆಲ್ಲ ದೊಡ್ಡ ಕಂಪನಿಗಳ ಅನುಕೂಲಕ್ಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಂಪನಿಗೆ ವಕೀಲರಿದ್ದಾರೆ, ಗೋಜಲನ್ನು ಅವರು ಹೇಗೋ ಬಿಡಿಸಿಕೊಳ್ಳುತ್ತಾರೆ. ವಕೀಲರಿಲ್ಲದ ವಿದ್ಯಾರ್ಥಿಗೇ ಆ ಒಂದು ಸಾಲು ಬೇಕಾಗಿರುವುದು.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ತೂಕವಿದೆ: ಚುಟುಕಾಗಿಸುವ ಭರದಲ್ಲಿ ಅರ್ಥ ಕೆಡುತ್ತದೆ. ಬರೀ 'ಜಿಪಿಎಲ್ 2' ಎಂದರೆ ಎರಡನೆಯ ಆವೃತ್ತಿ ಮಾತ್ರವೋ, ಮುಂದಿನವೂ ಸೇರಿಯೋ? ಅಪಾಚೆ 2.0 ಲೈಸೆನ್ಸಿನ ಕೋಡು ಜಿಪಿಎಲ್ ಮೂರನೆಯ ಆವೃತ್ತಿಯ ಜೊತೆ ಕೂಡುತ್ತದೆ, ಎರಡನೆಯದರ ಜೊತೆ ಕೂಡುವುದಿಲ್ಲ ಎನ್ನುತ್ತದೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್. 'ಅಥವಾ ನಂತರದ' ಎಂಬ ಎರಡು ಪದ ಬಿಟ್ಟರೆ ಒಂದು ಬಾಗಿಲೇ ಮುಚ್ಚುತ್ತದೆ. ರಿಚರ್ಡ್ ಸ್ಟಾಲ್‌ಮನ್ ಇದರ ವಿರುದ್ಧ ಬರೆದದ್ದು ಸರಿಯಾಗಿಯೇ ಇತ್ತು. ಎಸ್‌ಪಿಡಿಎಕ್ಸ್ ಪಟ್ಟಿ ಈಗ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟಿದೆ. ಹೀಗೆ ತಿದ್ದಿಕೊಳ್ಳಲು ಬರುವುದೇ ಮಾನಕದ ಗುಣ. ಸಾವಿರ ಬಗೆಯ ಬರಹವನ್ನು ತಿದ್ದುವವರು ಯಾರು?

ಏಕರೂಪ ಮಾಡುವ ಹುಮ್ಮಸ್ಸಿನಲ್ಲಿ ಹಳಬರ ಹೆಸರು ಅಳಿಸುವುದಕ್ಕೂ, ಅವರು ಕೊಟ್ಟ ಅನುಮತಿಯನ್ನು ಬದಲಿಸುವುದಕ್ಕೂ ಯಾರಿಗೂ ಅಧಿಕಾರವಿಲ್ಲ. ಆದರೆ ನಿಮ್ಮದೇ ಕೋಡಿಗೆ ಆ ಸಾಲು ಬರೆಯಲು ಯಾರ ಅಪ್ಪಣೆಯೂ ಬೇಡ. ಕಾಲೇಜಿನ ಪ್ರಾಜೆಕ್ಟನ್ನು ಲೋಕಕ್ಕೆ ಬಿಡುವ ಮುನ್ನ ಬರೆದುಬಿಡಿ. ಬಾಯಿಬಿಟ್ಟು ಹೇಳದ ಔದಾರ್ಯದಿಂದ ಯಾರಿಗೂ ಉಪಯೋಗವಿಲ್ಲ.