ಕೊಂದವರು ನಾವೇ

ಕಾರಹುಣ್ಣಿವಿಗೆ ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ದನದ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬಾಯಿಗೆ ಹೋಳಿಗೆ. ಮರುದಿನ ಹಳಸಿದ ಹೋಳಿಗೆಯನ್ನು ಕ್ಯಾರಿಬ್ಯಾಗಿನಲ್ಲಿ ಬಿಗಿಯಾಗಿ ಗಂಟು ಕಟ್ಟಿ ತಿಪ್ಪೆಗೆ ಎಸೆಯುತ್ತೇವೆ. ಗಂಟು ಬಿಚ್ಚಲು ಆಕಳಿಗೇನು ಕೈ ಇವೆಯೇ?

ಮೇಲ್ದವಡೆಯ ಮುಂದೆ ಹಲ್ಲಿಲ್ಲದ ಪ್ರಾಣಿ ಅದು. ನಾಲಿಗೆ ಸುತ್ತಿ ಎಳೆದದ್ದನ್ನು ಅರೆಬರೆ ಅಗಿದು ನುಂಗುತ್ತದೆ, ಆಮೇಲೆ ಮೆಲುಕು ಹಾಕಿದರಾಯಿತೆಂದು. ಅನ್ನ ಕರಗುತ್ತದೆ, ಚೀಲ ಕರಗುವುದಿಲ್ಲ. ಚೀಲಕ್ಕೆ ಚೀಲ ಸುತ್ತಿಕೊಂಡು ದೊಡ್ಡ ಹೊಟ್ಟೆಯಲ್ಲಿ ಉಂಡೆ ಕಟ್ಟುತ್ತದೆ. ಎಡ ಡೊಳ್ಳು ಉಬ್ಬುತ್ತದೆ, ಹಾಲು ಇಳಿಯುತ್ತದೆ. ‘ಮೇವ ಬಿಟ್ಟೈತ್ರಿ, ಮೆಲಕ ಹಾಕವಲ್ದು’ ಎಂದು ರೈತ ದವಾಖಾನೆಗೆ ಓಡುತ್ತಾನೆ. ಎಡಪಕ್ಕೆ ಕೊಯ್ದು ಕೈ ಹಾಕಿದರೆ ಹೊರಬರುವುದು ನಮ್ಮದೇ ಹಾಲಿನ ಪಾಕೀಟು, ಗುಟ್ಕಾ ಚೀಟಿ, ರಬಕವಿ-ಬನಹಟ್ಟಿಯ ಮಗ್ಗಕ್ಕೆ ನೂಲು ಸುತ್ತಿ ಬಂದ ಹಾಳೆ.

ತಂತಿ, ಮೊಳೆ ಇನ್ನೂ ಕ್ರೂರ. ಮನೆ ಕಟ್ಟುವಾಗ ಬಿದ್ದ ಸೆಂಟ್ರಿಂಗ್ ತಂತಿಯನ್ನು ಯಾರು ಆರಿಸುತ್ತಾರೆ? ಅದು ಮೇವಿನ ಜೊತೆ ಎರಡನೇ ಹೊಟ್ಟೆಗೆ ಇಳಿದು ಕೂರುತ್ತದೆ. ಅಲ್ಲಿಂದ ಗುಂಡಿಗೆಗೆ ನಡುವೆ ಇರುವುದು ವಪೆಯೊಂದೇ. ಹೊಟ್ಟೆ ಹಿಂಡಿದಾಗಲೆಲ್ಲ ತಂತಿ ಮುಂದೆ ಸರಿಯುತ್ತದೆ. ಗಬ್ಬದ ಆಕಳಾದರೆ ಕರುವಿನ ಭಾರವೂ ಒತ್ತುತ್ತದೆ. ಬೆನ್ನು ಬಾಗಿಸಿ, ಮುಂಗಾಲು ಅಗಲಿಸಿ ನರಳುತ್ತದೆ. ಗುಂಡಿಗೆಯ ಸುತ್ತ ಕೀವಾಗಿ ಗಂಗೆದೊಗಲಲ್ಲಿ ನೀರು ಇಳಿಯಿತೆಂದರೆ ಬದುಕುವುದು ಅಪರೂಪ.

2022ರ ನವೆಂಬರಿನಲ್ಲಿ ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಯ ವೈದ್ಯರು ಮಾನಸಿಕ ಕಾಯಿಲೆಯ ಒಬ್ಬರ ಹೊಟ್ಟೆಯಿಂದ 187 ನಾಣ್ಯ ತೆಗೆದರು. ದೇಶವೇ ಬೆರಗಾಯಿತು. ಪಾಪ, ಅವರಿಗೆ ಕಾಯಿಲೆಯಿತ್ತು. ದಿನಾ ದನದ ಬಾಯಿಗೆ ವಿಷ ಕಟ್ಟಿಕೊಡುವ ನಮಗೆ ಯಾವ ಕಾಯಿಲೆ? ಕಿಲೋಗಟ್ಟಲೆ ಪ್ಲಾಸ್ಟಿಕ್ ಹೊತ್ತು ಸತ್ತ ಆಕಳು ಸುದ್ದಿಯೂ ಅಲ್ಲ.

ಕಾನೂನಿಗೇನೂ ಬರವಿಲ್ಲ. ರಾಜ್ಯ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿತು; ಸಂತೆಗೆ ಹೋಗಿ ನೋಡಿ, ಕೊತ್ತಂಬರಿ ಸಿವುಡಿಗೂ ಒಂದು ಚೀಲ. 2020ರ ಗೋಹತ್ಯೆ ತಡೆ ಕಾಯ್ದೆಯಲ್ಲಿ ಕತ್ತಿ ಹಿಡಿದವನಿಗೆ 3ರಿಂದ 7 ವರ್ಷ ಜೈಲು. ಗೋಮಾತೆಗೆ ಜೈಕಾರ ಹಾಕುವ ಗಂಟಲುಗಳು ಚೀಲದ ವಿಷಯ ಬಂದರೆ ಕಟ್ಟಿಹೋಗುತ್ತವೆ, ಯಾಕೆಂದರೆ ಇಲ್ಲಿ ಆರೋಪಿ ಹೊರಗಿನವನಲ್ಲ.

ನಗರಸಭೆ, ಪಟ್ಟಣ ಪಂಚಾಯಿತಿಯ ಸಾಹೇಬರೇ, ಬಡ ಕಾಯಿಪಲ್ಲೆಯವಳ ಗಾಡಿ ಮುಗುಚಬೇಡಿ. ಚೀಲ ತಯಾರಿಸುವವನ, ಸಗಟು ಮಾರುವವನ ಗೋದಾಮಿಗೆ ಬೀಗ ಜಡಿಯಿರಿ. ಕಸದ ಗುಡ್ಡೆಗೆ ಬೇಲಿ ಹಾಕಿ. ಓದುವವರೇ, ಹಳಸಿದ್ದನ್ನು ಗಂಟು ಕಟ್ಟಬೇಡಿ, ಬುಟ್ಟಿಯಲ್ಲಿ ಒಯ್ದು ಕಸದ ಗಾಡಿಗೆ ಸುರಿಯಿರಿ.