ಬಸ್‌ಸ್ಟ್ಯಾಂಡಿನಲ್ಲಿ ಸತ್ತವರಿಂದಲೇ ಎಷ್ಟು ಕಾಲ ಕಲಿಯುವುದು?

ಓದುತ್ತಿರುವ ಪತ್ರಿಕೆಯನ್ನು ಒಂದು ನಿಮಿಷ ಪಕ್ಕಕ್ಕಿಡಿ. ಹೆಬ್ಬೆರಳಿನ ತುದಿಗೆ ಕಿರುಬೆರಳಿನ ತುದಿ ತಾಗಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿ. ಮಣಿಕಟ್ಟಿನ ನಡುಮಧ್ಯೆ ಒಂದು ರಜ್ಜು ಸೆಟೆದು ಮೇಲೆದ್ದಿತೆ? ಅದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನದು. ಏಳದಿದ್ದರೆ ಗಾಬರಿ ಬೇಡ, ನಿಮಗೆ ಆ ಸ್ನಾಯುವೇ ಇಲ್ಲದಿರಬಹುದು. ಒಂದು ಕೈಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದವರೂ ಇದ್ದಾರೆ. ರೊಟ್ಟಿ ಬಡಿಯುವುದಕ್ಕಾಗಲಿ ಬೈಕಿನ ಕ್ಲಚ್ ಹಿಡಿಯುವುದಕ್ಕಾಗಲಿ ಅದರಿಂದ ಏನೂ ತೊಂದರೆಯಿಲ್ಲ. ಅದಕ್ಕೇ ಬೆರಳಿನ ರಜ್ಜು ತುಂಡಾಗಿ ಬಂದವರಿಗೆ ಶಸ್ತ್ರವೈದ್ಯರು ಇದನ್ನು ಧೈರ್ಯವಾಗಿ ತೆಗೆದು ಅಲ್ಲಿಗೆ ಜೋಡಿಸುತ್ತಾರೆ.

ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಅನಾಟಮಿ ಕಲಿಸಿ ನಿವೃತ್ತಳಾದವಳು ನಾನು. ಪ್ರತಿ ಹೊಸ ಬ್ಯಾಚಿಗೂ ಮೊದಲು ಮಾಡಿಸುತ್ತಿದ್ದ ಕಸರತ್ತು ಇದು. ನೀಟ್ ಗೆದ್ದು ಬಂದ ಮಕ್ಕಳು. ಜೀವಕೋಶ ಸೇರಿ ಅಂಗಾಂಶ, ಅಂಗಾಂಶ ಸೇರಿ ಅಂಗ, ಅಂಗಗಳು ಸೇರಿ ಅಂಗವ್ಯೂಹ ಎಂಬುದು ಅವರಿಗೆ ಕಂಠಪಾಠ. ಅಂಥವರಲ್ಲಿ ಯಾರೋ ಒಬ್ಬರು ಮುಖ ಸಣ್ಣದು ಮಾಡಿಕೊಂಡು, "ಪುಸ್ತಕದಲ್ಲಿದೆ, ನನ್ನ ಕೈಯಲ್ಲಿ ಇಲ್ವಲ್ಲ ಮೇಡಂ" ಅಂದಾಗಲೇ ನನ್ನ ಪಾಠ ಶುರುವಾಗುತ್ತಿತ್ತು.

ಜೀರ್ಣಾಂಗ ಒಂದು ಅಧ್ಯಾಯ, ಉಸಿರಾಟ ಇನ್ನೊಂದು, ವಿಸರ್ಜನೆ ಮತ್ತೊಂದು ಎಂದು ಹಂಚಿಕೊಂಡು ಕಲಿಸುವುದಕ್ಕೆ ನನ್ನ ತಕರಾರಿಲ್ಲ. ಎಲ್ಲವನ್ನೂ ಒಟ್ಟಿಗೆ ಹೇಳಲು ಯಾರಿಂದಲೂ ಆಗದು. ಆದರೆ ಆ ಅಧ್ಯಾಯಗಳ ನಡುವಿನ ಗೋಡೆ ದೇಹದೊಳಗೂ ಇದೆ ಎಂದು ನಂಬಿಕೊಂಡೇ ಕೆಲವರು ಡಾಕ್ಟರಾಗಿಬಿಡುತ್ತಾರೆ. ಆ ನಂಬಿಕೆ ಮುರಿಯುವುದು ಡಿಸೆಕ್ಷನ್ ಹಾಲಿನ ಮೇಜಿನ ಮುಂದೆ ಮಾತ್ರ. ಮೇಜಿನ ಮೇಲೆ ಅಧ್ಯಾಯಗಳಿಲ್ಲ, ನೆರೆಹೊರೆ ಇದೆ. ಅನ್ನನಾಳಕ್ಕೆ ಆತುಕೊಂಡೇ ಹೃದಯವಿದೆ, ಬಲ ಮೂತ್ರಪಿಂಡದ ಮೇಲೆ ಯಕೃತ್ತು ಕೂತಿದೆ.

ಧ್ವನಿಪೆಟ್ಟಿಗೆಯ ಎಡಭಾಗಕ್ಕೆ ಹೋಗುವ ನರವನ್ನೇ ತೆಗೆದುಕೊಳ್ಳಿ. ತಲೆಬುರುಡೆಯಿಂದ ಹೊರಟು, ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಹಾದರೂ ಅಲ್ಲಿ ನಿಲ್ಲುವುದಿಲ್ಲ. ಎದೆಗೂಡಿನೊಳಕ್ಕೆ ಇಳಿದು, ಮಹಾಪಧಮನಿಯ ಕಮಾನಿನ ಕೆಳಗಿಂದ ಸುತ್ತುಹಾಕಿ, ಮತ್ತೆ ಕುತ್ತಿಗೆಗೆ ಹತ್ತಿ ಬರುತ್ತದೆ. ಈ ಸುತ್ತುದಾರಿಗೆ ಕಾರಣ ನಾವು ತಾಯಿಯ ಹೊಟ್ಟೆಯಲ್ಲಿದ್ದ ಕಾಲದ್ದು. ಮೊದಮೊದಲು ಭ್ರೂಣದ ಹೃದಯ ಇರುವುದು ಕುತ್ತಿಗೆಯ ಬಳಿ. ಆಮೇಲೆ ಎದೆಗೆ ಇಳಿಯುತ್ತದೆ. ಇಳಿಯುವಾಗ ಅದರ ರಕ್ತನಾಳ ಈ ನರವನ್ನೂ ಕೆಳಕ್ಕೆ ಎಳೆದುಕೊಂಡು ಬಂತು. (ಜಿರಾಫೆಯಲ್ಲೂ ಹೀಗೇ. ಅಲ್ಲಿ ಈ ಸುತ್ತು ಹಲವು ಮೀಟರ್ ಉದ್ದ.) ಧ್ವನಿ ಗೊಗ್ಗರಾಗಿ ವಾರಗಟ್ಟಲೆ ಶುಂಠಿ ಕಷಾಯ ಕುಡಿದು ಕೊನೆಗೆ ಇಎನ್‌ಟಿ ಡಾಕ್ಟರ ಹತ್ತಿರ ಬಂದವರಿಗೆ, ಗಂಟಲು ಚೊಕ್ಕಟವಾಗಿದ್ದು ಎಡಗಡೆಯ ಧ್ವನಿತಂತು ಮಾತ್ರ ಅಲುಗದಿದ್ದರೆ, ಡಾಕ್ಟರು ಎದೆಯ ಎಕ್ಸ್‌ರೇ ಬರೆಯುತ್ತಾರೆ. "ಗಂಟಲು ಕೆಟ್ಟಿದ್ದಕ್ಕೆ ಎದೆ ಫೋಟೊ ಯಾಕೆ?" ಎಂದು ರೋಗಿಗೆ ಅನುಮಾನ. ಶ್ವಾಸಕೋಶದಲ್ಲಿ ಬೆಳೆದ ಗಡ್ಡೆ ಆ ಸುತ್ತಿನ ಬಳಿ ನರವನ್ನು ಒತ್ತುತ್ತಿರಬಹುದು ಎಂಬುದು ಡಾಕ್ಟರ ಅನುಮಾನ.

ಪಿತ್ತಕೋಶದ ಕಲ್ಲಿಗೆ ಬಲ ಭುಜ ನೋಯುವುದೂ ಇಂಥದ್ದೇ. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ ಮೂಲವೂ ಭ್ರೂಣದ ಕುತ್ತಿಗೆಯಲ್ಲಿದೆ. ಕುತ್ತಿಗೆಯ ಮೂರು, ನಾಲ್ಕು, ಐದನೆಯ ನರಗಳಿಂದ ಎಳೆ ಪಡೆದು, ಅದನ್ನು ಎಳೆದುಕೊಂಡೇ ಅದು ಕೆಳಗಿಳಿದಿದೆ. ಭುಜದ ಚರ್ಮಕ್ಕೂ ಅದೇ ಮಟ್ಟದ ನರಗಳು. ಊದಿಕೊಂಡ ಪಿತ್ತಕೋಶ ವಪೆಯನ್ನು ಕೆಣಕಿದರೆ ನೋವು ಎಲ್ಲಿಂದ ಬಂತೆಂದು ಮಿದುಳಿಗೆ ಗೊತ್ತಾಗುವುದಿಲ್ಲ. ಅದು ಭುಜ ಎನ್ನುತ್ತದೆ, ನಾವು ಭುಜಕ್ಕೆ ಮುಲಾಮು ತಿಕ್ಕುತ್ತೇವೆ. ಅಪೆಂಡಿಕ್ಸ್ ನೋವು ಮೊದಲು ಹೊಕ್ಕುಳ ಸುತ್ತ ಬರುವುದರಿಂದಲೇ ಎಷ್ಟೋ ಮನೆಗಳಲ್ಲಿ ಅದನ್ನು ಗ್ಯಾಸ್ ಎಂದುಕೊಂಡು ಒಂದು ರಾತ್ರಿ ಕಳೆದುಬಿಡುತ್ತಾರೆ. ಪುಸ್ತಕದ ಚಿತ್ರದಲ್ಲಿ ಚೆಂದವಾಗಿ ಕೆಳಕ್ಕೆ ಜೋತಾಡುವ ಆ ಅಪೆಂಡಿಕ್ಸ್ ಬಹಳಷ್ಟು ಜನರಲ್ಲಿ ದೊಡ್ಡಕರುಳಿನ ಹಿಂದೆ ಅವಿತಿರುತ್ತದೆ. ಮೂತ್ರಪಿಂಡಕ್ಕೆ ಒಂದು ಅಪಧಮನಿ ಎಂದು ಪುಸ್ತಕ ಹೇಳುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎರಡೋ ಮೂರೋ ಇರುತ್ತವೆ. ಪಿತ್ತಕೋಶದ ರಕ್ತನಾಳವಂತೂ ಯಾರ ಮಾತನ್ನೂ ಕೇಳುವುದಿಲ್ಲ.

ಇಷ್ಟೆಲ್ಲ ಹೇಳುತ್ತಿರುವುದಕ್ಕೆ ಕಾರಣವಿದೆ. ಒಂದೇ ದೇಹದ ಚಿತ್ರ ನೋಡಿ ಕಲಿತವರ ಕೈಗೆ ಸಾವಿರ ಬಗೆಯ ದೇಹಗಳು ಬರುತ್ತವೆ. ಹಲವು ದೇಹಗಳನ್ನು ಬಿಡಿಸಿ ನೋಡಿದ ಕೈ ಆಪರೇಷನ್ ಥಿಯೇಟರಿನಲ್ಲಿ ಕತ್ತರಿಸುವ ಮುಂಚೆ ಒಂದು ಕ್ಷಣ ತಡೆಯುತ್ತದೆ. ಫಾರ್ಮಲಿನ್‌ನಲ್ಲಿಟ್ಟ ದೇಹದೊಳಗೆ ಕೆಂಪು ಅಪಧಮನಿ, ನೀಲಿ ಅಭಿಧಮನಿ, ಹಳದಿ ನರ ಎಂಬ ಬಣ್ಣಗಳಿಲ್ಲ, ಎಲ್ಲವೂ ಬೂದುಗಂದು. ಬೆರಳಲ್ಲಿ ಒತ್ತಿ ನೋಡಬೇಕು. ಅಪಧಮನಿಯ ಗೋಡೆ ದಪ್ಪ, ಒತ್ತಿದರೆ ಮರಳಿ ಏಳುತ್ತದೆ. ಅಭಿಧಮನಿ ಚಪ್ಪಟೆಯಾಗಿ ಬಿದ್ದುಕೊಳ್ಳುತ್ತದೆ. ನರ ಒದ್ದೆ ಹುರಿಯ ಹಾಗೆ ಗಟ್ಟಿ. ಈ ತಿಳಿವಳಿಕೆ ಬೆರಳಿಗೆ ಹತ್ತಬೇಕು, ಕಣ್ಣಿಗಲ್ಲ.

ನನ್ನ ವೃತ್ತಿಯಲ್ಲಿ ಮರೆಯಲಾಗದ್ದು ದಾನವಾಗಿ ಬಂದ ಒಬ್ಬ ಹಿರಿಯರ ದೇಹ. ಎಡಗಾಲಿನ ಒಳಮಗ್ಗುಲಲ್ಲಿ ಪಾದದಿಂದ ತೊಡೆಯತನಕ ಹಳೆಯ ಹೊಲಿಗೆ ಗುರುತು. ಎದೆ ತೆರೆದಾಗ ಹುಡುಗರಿಗೆ ಕಥೆ ತಿಳಿಯಿತು: ಕಾಲಿನ ಅಭಿಧಮನಿ ಹೃದಯದ ಮೇಲಿತ್ತು, ಬೈಪಾಸ್ ಆಗಿತ್ತು. ಎಡ ಹೃತ್ಕುಕ್ಷಿಯ ಗೋಡೆ ಒಂದು ಸೆಂಟಿಮೀಟರಿನ ಆಸುಪಾಸು ಇರಬೇಕಾದದ್ದು ಎದ್ದುಕಾಣುವಷ್ಟು ದಪ್ಪಗಿತ್ತು. "ಇನ್ನು ಮೂತ್ರಪಿಂಡ ನೋಡಿ" ಎಂದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ. ತೆಗೆದು ನೋಡಿದರೆ ಎರಡೂ ಕುಗ್ಗಿದ್ದವು, ನುಣುಪಾಗಿರಬೇಕಾದ ಮೇಲ್ಮೈ ಹರಳುಹರಳಾಗಿತ್ತು.

ವರ್ಷಗಟ್ಟಲೆ ಇದ್ದ ಬಿಪಿಯ ಕೆಲಸ ಅದು. ಎರಡು ಮೂತ್ರಪಿಂಡ ಸೇರಿದರೂ ತೂಕ ಮುನ್ನೂರು ಗ್ರಾಂ ಆಸುಪಾಸು. ಆದರೆ ಸುಮ್ಮನೆ ಕೂತಾಗ ಹೃದಯ ನಿಮಿಷಕ್ಕೆ ನೂಕುವ ಐದು ಲೀಟರ್ ರಕ್ತದಲ್ಲಿ ಒಂದು ಲೀಟರಿಗೂ ಹೆಚ್ಚು ಅವುಗಳಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಟ್ಟು ಉಳಿದದ್ದನ್ನೆಲ್ಲ ಮರಳಿ ಪಡೆಯುತ್ತವೆ. ತಮಗೆ ಬರುವ ರಕ್ತದ ಒತ್ತಡ ತಗ್ಗಿತೆಂದು ಅನ್ನಿಸಿದರೆ ಮೂತ್ರಪಿಂಡ ರೆನಿನ್ ಎಂಬ ಕಿಣ್ವ ಬಿಡುತ್ತದೆ. ರೆನಿನ್ ಕತ್ತರಿಸುವ ಪ್ರೋಟೀನ್ ತಯಾರಾಗುವುದು ಯಕೃತ್ತಿನಲ್ಲಿ. ಕತ್ತರಿಸಿದ ತುಣುಕು ಚುರುಕಾಗುವುದು ಬಹುಪಾಲು ಶ್ವಾಸಕೋಶದ ರಕ್ತನಾಳಗಳಲ್ಲಿ. ಅದು ರಕ್ತನಾಳಗಳನ್ನು ಬಿಗಿ ಮಾಡಿ, ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಉಪ್ಪು ಹಿಡಿದಿಡುವ ಆದೇಶ ಹೊರಡಿಸುತ್ತದೆ. ಉಪ್ಪಿನ ಹಿಂದೆ ನೀರು, ನೀರಿನ ಹಿಂದೆ ಒತ್ತಡ. ಒಂದು ಬಿಪಿ ಸರಿಪಡಿಸಲು ಎಷ್ಟು ಅಧ್ಯಾಯ ದಾಟಿದೆವು ಲೆಕ್ಕ ಹಾಕಿ! ಬಿಪಿ ಏರಿಯೇ ಇದ್ದರೆ ಮೂತ್ರಪಿಂಡದೊಳಗಿನ ಸಣ್ಣ ನಾಳಗಳು ಕಿರಿದಾಗುತ್ತವೆ, ಕಿರಿದಾದ ನಾಳದ ಆಚೆಗೆ ಒತ್ತಡ ಕಡಿಮೆ ಕಾಣುತ್ತದೆ, ಮೂತ್ರಪಿಂಡ ಇನ್ನಷ್ಟು ರೆನಿನ್ ಬಿಡುತ್ತದೆ, ಹೃದಯ ಇನ್ನಷ್ಟು ದುಡಿದು ದಪ್ಪಗಾಗುತ್ತದೆ. ಆ ಹಿರಿಯರ ದೇಹದಲ್ಲಿ ಇದೆಲ್ಲ ಬರೆದಿಟ್ಟ ಹಾಗಿತ್ತು. ಬಿಪಿ ಮಾತ್ರೆ ಬರೆಯುವ ಮುಂಚೆ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಯಾಕೆ ನೋಡಬೇಕು ಎಂದು ಆ ಮೇಜಿನ ಮಕ್ಕಳಿಗೆ ಯಾರೂ ಮತ್ತೆ ಹೇಳಬೇಕಾಗಲಿಲ್ಲ.

ಆ ದೇಹ ದಾನವಾಗಿ ಬಂದದ್ದರಿಂದ ನಮಗೆ ಆ ಕಥೆ ಸಿಕ್ಕಿತು. ಉಳಿದ ಮೇಜುಗಳಲ್ಲಿ ಇದ್ದದ್ದು ವಾರಸುದಾರರಿಲ್ಲದ ಶವಗಳು. ಬಸ್‌ಸ್ಟ್ಯಾಂಡಿನಲ್ಲೋ ರೈಲ್ವೆ ಪ್ಲಾಟ್‌ಫಾರಂನಲ್ಲೋ ಬಿದ್ದು, ಯಾರೋ ಆಸ್ಪತ್ರೆಗೆ ತಂದು ಹಾಕಿ, ಸತ್ತ ಮೇಲೆ ಯಾರೂ ಬಾರದವರು. ನಮ್ಮ ರಾಜ್ಯದಲ್ಲಿ 1957ರ ಅನಾಟಮಿ ಕಾಯ್ದೆ ಇಂಥ ದೇಹಗಳನ್ನು ಕಾಲೇಜುಗಳಿಗೆ ಕೊಡಲು ಅವಕಾಶ ಮಾಡಿಕೊಟ್ಟಿದೆ. ಇದರ ತಾತ ಬ್ರಿಟನ್ನಿನ 1832ರ ಕಾಯ್ದೆ. ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹದಿನಾರು ಜನರನ್ನು ಕೊಂದು ದೇಹಗಳನ್ನು ಅನಾಟಮಿ ಶಾಲೆಗೆ ಮಾರಿದ್ದು 1828ರಲ್ಲಿ ಬಯಲಾದ ಮೇಲೆ ಬಂದದ್ದು. ಕೊಲೆ ನಿಂತಿತು; ಮೇಜಿನ ಮೇಲೆ ಬಡವ ಮಾತ್ರ ಉಳಿದ. 1858ರಲ್ಲಿ ಹೊರಬಂದ ಗ್ರೇ ಅವರ ಪ್ರಸಿದ್ಧ ಅನಾಟಮಿ ಪುಸ್ತಕವೂ ಲಂಡನ್ನಿನ ಇಂಥ ಅನಾಥ ಬಡವರ ದೇಹಗಳಿಂದಲೇ ಆದದ್ದು. ಅದರ ಚಿತ್ರಗಳನ್ನು ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಅದೇ ವರ್ಷ ಮುಂಬಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸಿದರು.

ಇದು ಬರೀ ನ್ಯಾಯದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕಲಿಕೆಗೂ ಪೆಟ್ಟು ಬೀಳುತ್ತದೆ. ವಾರಸುದಾರರಿಲ್ಲದೆ ನಮ್ಮ ಹಾಲಿಗೆ ಬಂದ ದೇಹಗಳಲ್ಲಿ ಹೆಚ್ಚಿನವು ಬಡಕಲು ಗಂಡಸರದ್ದು. ಹೆಂಗಸಿನ ದೇಹ ಬಂದರೆ ಎಲ್ಲ ಮೇಜಿನವರೂ ಅದರ ಸುತ್ತ ಮುಗಿಬೀಳುತ್ತಿದ್ದರು. ಮುಂದೆ ಹೆರಿಗೆ ಮಾಡಿಸಬೇಕಾದವರು ಹೆಂಗಸಿನ ಕಿಬ್ಬೊಟ್ಟೆಯನ್ನು ದೂರದಿಂದ ಇಣುಕಿ ಕಲಿಯುವುದೆಂದರೇನು? ಮೇಜಿನ ಸುತ್ತ ಇಪ್ಪತ್ತೈದು ಮಂದಿ ನಿಂತರೆ ಹಿಂದಿನ ಸಾಲಿಗೆ ಕಾಣುವುದು ಮುಂದಿನವರ ಬಿಳಿ ಏಪ್ರನ್ ಮಾತ್ರ. ದೇಶದಲ್ಲೇ ಅತಿ ಹೆಚ್ಚು ವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೊಂದು. ಸೀಟು ಹೆಚ್ಚಿದಷ್ಟು ದೇಹಗಳು ಹೆಚ್ಚಲಿಲ್ಲ. 1997ರಲ್ಲಿ ಎಂಬಿಬಿಎಸ್‌ನ ಮೊದಲ ಹಂತ ಹದಿನೆಂಟು ತಿಂಗಳಿಂದ ಹನ್ನೆರಡಕ್ಕೆ ಇಳಿದ ಮೇಲೆ ಸಮಯವೂ ಇಲ್ಲ.

ಅದಕ್ಕೆ ಉತ್ತರವಾಗಿ ದೊಡ್ಡ ಸ್ಕ್ರೀನಿನ ಡಿಜಿಟಲ್ ಮೇಜುಗಳು ಬಂದಿವೆ. ಒಳಗಿವಿಯ ಸುರುಳಿ, ಮಿದುಳಿನೊಳಗಿನ ಕುಹರ ಇವನ್ನು ಅದರಲ್ಲಿ ತಿರುಗಿಸಿ ತೋರಿಸಿದಷ್ಟು ಚೆನ್ನಾಗಿ ನಾನು ಎಂದೂ ತೋರಿಸಲಾರೆ. ಆದರೆ ಸ್ಕ್ರೀನಿನ ಒಳಗಿರುವುದೂ ಯಾರೋ ಒಬ್ಬರ ದೇಹವೇ ಅಲ್ಲವೆ? ಇಂಥ ಕೆಲಸಕ್ಕೆ ಮೊದಲ ದಾರಿ ತೋರಿಸಿದ ಅಮೆರಿಕದ ವಿಸಿಬಲ್ ಹ್ಯೂಮನ್ ಯೋಜನೆಯ ಪುರುಷ ದೇಹ, ಟೆಕ್ಸಸ್‌ನಲ್ಲಿ 1993ರಲ್ಲಿ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನದು. ಆ ದೇಹವನ್ನು ಒಂದೊಂದು ಮಿಲಿಮೀಟರಿನ ಪದರವಾಗಿ ತೆಗೆದು ಚಿತ್ರಿಸಿದರು. ಅವನ ಅಪೆಂಡಿಕ್ಸ್ ಮೊದಲೇ ತೆಗೆಸಿಯಾಗಿತ್ತು! ಒಂದು ಪುಸ್ತಕದ ಜಾಗಕ್ಕೆ ಹೊಳೆಯುವ ಇನ್ನೊಂದು ಪುಸ್ತಕ ತಂದಿಟ್ಟರೆ ನನ್ನ ಪಾಲ್ಮಾರಿಸ್ ಇಲ್ಲದ ವಿದ್ಯಾರ್ಥಿನಿಗೆ ಉತ್ತರ ಸಿಗುವುದಿಲ್ಲ.

ದೇಹಗಳು ನಮ್ಮ ಮನೆಗಳಿಂದ, ನಮ್ಮ ಒಪ್ಪಿಗೆಯಿಂದ ಬರಬೇಕು. ದಾರಿ ತೋರಿಸಿದವರು ಇಲ್ಲೇ ಇದ್ದಾರೆ. ಬೆಳಗಾವಿಯಲ್ಲಿ 2010ರಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ದಾನಕೊಟ್ಟು ಹೋದ ತಮ್ಮ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಬಿಡಿಸಿ ಪಾಠ ಮಾಡಿದರು. ನನ್ನಿಂದ ಅದು ಆಗುತ್ತಿತ್ತೋ ಇಲ್ಲವೋ, ಹೇಳಲಾರೆ. ಜನರ ಅನುಮಾನಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. "ಅಸ್ಥಿನಾದ್ರೂ ಕೊಡ್ತೀರಾ ಮೇಡಂ, ಪಶ್ಚಿಮವಾಹಿನಿಗೆ ಬಿಡೋಕೆ?" ಎಂದು ಒಬ್ಬ ಮಗ ಕೇಳಿದ್ದ. ಸಮಾಧಿ ಮಾಡುವ ಮನೆತನದವರು ಗದ್ದುಗೆ ಎಲ್ಲಿ ಕಟ್ಟಿಸೋಣ ಎಂದಿದ್ದರು. ಇದಕ್ಕೆ ಕಾಲೇಜುಗಳು ಗೊಣಗದೆ ಉತ್ತರ ಕೊಡಬೇಕು. ಓದು ಮುಗಿದ ಮೇಲೆ ಉಳಿದದ್ದನ್ನು ಮರ್ಯಾದೆಯಿಂದ ಮನೆಯವರಿಗೆ ಒಪ್ಪಿಸಬಹುದು, ವರ್ಷಕ್ಕೊಮ್ಮೆ ಕರೆದು ಒಂದು ಲೋಟ ಕಾಫಿ ಕೊಟ್ಟು ವಿದ್ಯಾರ್ಥಿಗಳ ಬಾಯಿಂದಲೇ ಕೃತಜ್ಞತೆ ಹೇಳಿಸಬಹುದು. ಶವವೇ ಮೊದಲ ಗುರು ಎಂಬ ಪಾಠವನ್ನು ಎಂಬಿಬಿಎಸ್ ಪಠ್ಯಕ್ರಮದಲ್ಲೇ ಸೇರಿಸಿದ್ದಾರೆ. ಗುರುವಿನ ಮನೆಯವರನ್ನು ಗೇಟಿನ ಹೊರಗೆ ನಿಲ್ಲಿಸಿದರೆ ಅದು ಬಾಯಿಮಾತಾಯಿತು.

ಸರ್ಕಾರದ ಪಾಲೂ ಇದೆ. ಹಳ್ಳಿಯಲ್ಲಿ ರಾತ್ರಿ ಹನ್ನೊಂದಕ್ಕೆ ಅಜ್ಜಿ ತೀರಿಕೊಂಡರೆ ದೇಹ ಸಾಗಿಸಲು ಗಾಡಿಯಿಲ್ಲ, ಬೆಳಗಿನತನಕ ಇಡಲು ತಾಲ್ಲೂಕು ಆಸ್ಪತ್ರೆಯಲ್ಲಿ ಶೈತ್ಯಪೆಟ್ಟಿಗೆ ಖಾಲಿಯಿಲ್ಲ. ಬೆಳಗಾಗುವಷ್ಟರಲ್ಲಿ ನೆಂಟರು ಸೇರಿ ಮನಸ್ಸು ಬದಲಿಸಿರುತ್ತಾರೆ. ಒಂದು ಕಾಲೇಜು ಜಾಗವಿಲ್ಲ ಎಂದು ದೇಹ ತಿರುಗಿಸುವಾಗ ಪಕ್ಕದ ಜಿಲ್ಲೆಯ ಕಾಲೇಜು ಒಂದಕ್ಕಾಗಿ ಕಾಯುತ್ತಿರುತ್ತದೆ. ಇಡೀ ರಾಜ್ಯಕ್ಕೆ ಒಂದು ಫೋನ್ ನಂಬರು, ಒಂದು ಪಟ್ಟಿ, ಕೆಲವು ಗಾಡಿಗಳು. ಇದಕ್ಕೆ ಯಾವ ಆಯೋಗವೂ ಬೇಕಿಲ್ಲ.

ದಾನ ಕೊಡುವ ಮನಸ್ಸಿದ್ದವರಿಗೆ ಎರಡು ಮಾತು. ಅಪಘಾತ, ಆತ್ಮಹತ್ಯೆಯಂಥ ಸಾವಾಗಿ ಮರಣೋತ್ತರ ಪರೀಕ್ಷೆಯಾದ ದೇಹವನ್ನು, ಕೆಲವು ಸೋಂಕುಗಳಿದ್ದ ದೇಹವನ್ನು ಕಾಲೇಜುಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣುದಾನಕ್ಕೆ ಅಡ್ಡಿಯಿಲ್ಲ, ಆದರೆ ಅದು ಆರು ಗಂಟೆಯೊಳಗೆ ಆಗಬೇಕು. ಎಲ್ಲಕ್ಕಿಂತ ಮುಖ್ಯ, ಫಾರ್ಮು ತುಂಬಿ ಬೀರುವಿನಲ್ಲಿಟ್ಟರೆ ಏನೂ ಆಗದು. ನೀವು ಸತ್ತ ಮೇಲೆ ಫೋನ್ ಮಾಡಬೇಕಾದವರು ಒಪ್ಪಿರಬೇಕು. ನನ್ನ ಫಾರ್ಮಿಗೆ ಸಾಕ್ಷಿ ಹಾಕಿದ್ದು ಸೊಸೆ. ಮಗ ಇನ್ನೂ "ಆಮೇಲೆ ನೋಡೋಣ ಬಿಡಮ್ಮ" ಎನ್ನುತ್ತಿದ್ದಾನೆ. ಕಾಲೇಜಿನ ನಂಬರನ್ನು ಅವನ ಮೊಬೈಲಿಗೆ ನಾನೇ ಹಾಕಿಟ್ಟಿದ್ದೇನೆ.