ಬ್ಲೌಸ್‌ಗೆ ಪ್ರತಿ ಸಲ ಅಳತೆ, ಬ್ರಾಗೆ ಮಾತ್ರ ಹಳೇ ನಂಬರ್

ಮೈ ಮಾತು – ಭಾಗ 7

ಹೆಡಿಂಗ್ ನೋಡಿ ಸ್ಕ್ರೋಲ್ ಮಾಡ್ಕೊಂಡು ಹೋಗೋರು ಹೋಗಬಹುದು. ಉಳಿದವರು, ಹುಡುಗರೂ ಸೇರಿ, ಪೂರ್ತಿ ಓದಿ. ನಿಮ್ಮ ಮನೇಲೂ ಒಬ್ಬ ಅಮ್ಮನೋ ಅತ್ತೆಯೋ ಚಿಕ್ಕಮ್ಮನೋ ಇದ್ದೇ ಇರ್ತಾರೆ.

ಆಫೀಸಿಂದ, ಮದುವೆ ಮನೆಯಿಂದ ಬಂದ ತಕ್ಷಣ ನಮ್ಮ ಅಮ್ಮಂದಿರು ನೀರೂ ಕುಡಿಯದೆ ರೂಮಿಗೆ ಹೋಗ್ತಾರಲ್ಲ, ಯಾಕೆ ಅಂತ ಗೊತ್ತಾ? ಹುಕ್ ಬಿಚ್ಚಿ ನೈಟಿ ಹಾಕ್ಕೊಳ್ಳೋಕೆ. ಭುಜದ ಮೇಲೆ ಪಟ್ಟಿ ಕೊರೆದ ಗುರುತು, ಬೆನ್ನಲ್ಲಿ ಹುಕ್ ಒತ್ತಿದ ಕಲೆ, ಎದೆ ಕೆಳಗೆ ಬೆವರಿ ಕೆಂಪಾದ ಚರ್ಮ. ಕೇಳಿದ್ರೆ ಒಂದೇ ಉತ್ತರ: "ವಯಸ್ಸಾಯ್ತಲ್ಲ, ಇನ್ನೇನು."

ಈ ಉತ್ತರವನ್ನ ನಾನು ಒಪ್ಪಲ್ಲ. ವಯಸ್ಸಾದ ಹಾಗೆ ಮೈ ಬದಲಾಗುತ್ತೆ, ಆದ್ರೆ ಬ್ರಾ ನಂಬರ್ ಬದಲಾಗಲ್ಲ. ನೋವು ಇರೋದು ಅಲ್ಲಿ. ನಂಬರ್ ಬದಲಾಗದೇ ಇರೋಕೆ ದೊಡ್ಡ ಕಾರಣ, ಅದನ್ನ ಬಾಯಿಬಿಟ್ಟು ಹೇಳೋಕೆ ನಮಗೆ ಈಗಲೂ ಇರೋ ನಾಚಿಕೆ.

ಬ್ಲೌಸ್ ವಿಷಯ ನೋಡಿ. ಟೈಲರ್ ಟೇಪ್ ಹಿಡಿದು ಎದೆ, ಸೊಂಟ, ತೋಳು ಎಲ್ಲಾ ಅಳೀತಾರೆ, ಇಲ್ಲಾಂದ್ರೆ ಅಳತೆ ಬ್ಲೌಸ್ ತಗೊಂಡು ಹೋಗ್ತೀವಿ. ಒಳಗಡೆ ಬಟ್ಟೆ ಬಿಟ್ಟು ಪಕ್ಕದಲ್ಲಿ ಎರಡು ಮೂರು ಹೊಲಿಗೆ ಹಾಕಿರ್ತಾರೆ. ದಪ್ಪ ಆದ್ರೆ ಒಂದು ಹೊಲಿಗೆ ಬಿಚ್ಚಿದ್ರೆ ಆಯ್ತು. ಮೈ ಒಂದೇ ಥರ ಇರಲ್ಲ ಅನ್ನೋದು ಟೈಲರ್‌ಗೆ ಗೊತ್ತು. ಈಗ ಫ್ಯಾನ್ಸಿ ಸ್ಟೋರ್‌ಗೆ ಬನ್ನಿ. ಕೌಂಟರ್ ಆಚೆ ಹೆಚ್ಚಾಗಿ ಗಂಡಸರೇ. "ನಂಬರ್?" "34." ಪೇಪರ್‌ನಲ್ಲಿ ಸುತ್ತಿ ಬ್ಯಾಗಿಗೆ. ಕಪ್ ಯಾವುದು ಅಂತ ಅವರೂ ಕೇಳಲ್ಲ, ಇವರೂ ಹೇಳಲ್ಲ. ಹಾಕಿ ನೋಡೋಕೆ ಜಾಗ ಇಲ್ಲ, ವಾಪಸ್ಸೂ ತಗೊಳಲ್ಲ. ಮಗಳು ಹುಟ್ಟೋ ಮುಂಚೆ 34, ಅವಳು ಡಿಗ್ರಿಗೆ ಬಂದ್ರೂ 34.

ಅಷ್ಟರಲ್ಲಿ ಮೈಯಲ್ಲಿ ಏನೇನಾಗಿರುತ್ತೆ? ಸ್ತನದ ಒಳಗೆ ಸ್ನಾಯು ಇಲ್ಲ. ಹಾಲಿನ ಗ್ರಂಥಿ, ಕೊಬ್ಬು, ಅವನ್ನ ಹಿಡಿದಿಡೋ ನಾರಿನ ಪಟ್ಟಿಗಳು ಇರುತ್ತವೆ. ಆ ಪಟ್ಟಿಗಳಿಗೆ ಕೂಪರ್ ಲಿಗಮೆಂಟ್ ಅಂತಾರೆ. 1840ರಲ್ಲಿ ಸ್ತನದ ರಚನೆ ಬಗ್ಗೆ ಪುಸ್ತಕ ಬರೆದ ಇಂಗ್ಲೆಂಡಿನ ಸರ್ಜನ್ ಆಸ್ಟ್ಲಿ ಕೂಪರ್ ಹೆಸರು ಅದು. ಬಸಿರು, ತೂಕದ ಏರಿಳಿತ, ವಯಸ್ಸು ಸೇರಿ ಈ ಪಟ್ಟಿಗಳೂ ಮೇಲಿನ ಚರ್ಮವೂ ಸಡಿಲ ಆಗುತ್ತೆ. ಮುಟ್ಟು ನಿಲ್ಲೋ ಹೊತ್ತಿಗೆ, ಅಂದ್ರೆ ನಮ್ಮಲ್ಲಿ ತುಂಬಾ ಜನಕ್ಕೆ 45ರಿಂದ 50ರ ಆಸುಪಾಸು, ಈಸ್ಟ್ರೋಜನ್ ಇಳಿದು ಗ್ರಂಥಿಗಳು ಕುಗ್ಗಿ ಕೊಬ್ಬಿನ ಪಾಲು ಹೆಚ್ಚಾಗುತ್ತೆ. ಸ್ತನದ ಮೇಲ್ಭಾಗ ಖಾಲಿಯಾದ ಹಾಗಾಗಿ, ಭಾರ ಕೆಳಗೂ ಪಕ್ಕಕ್ಕೂ ಹೋಗುತ್ತೆ. ಅಚ್ಚು ಹಾಕಿದ ಹಾಗಿರೋ ಪ್ಯಾಡೆಡ್ ಕಪ್ಪಲ್ಲಿ ಮೇಲೆ ಗ್ಯಾಪ್, ಕೆಳಗೆ ವೈರ್ ಹೋಗಿ ಮಾಂಸದ ಮೇಲೆ ಕೂರುತ್ತೆ. ಚುಚ್ಚದೇ ಇನ್ನೇನು ಮಾಡುತ್ತೆ?

ಇಷ್ಟೇ ಅಲ್ಲ. ಹೊಟ್ಟೆ, ಬೆನ್ನಿನ ಸುತ್ತ ತೂಕ ಸೇರುತ್ತೆ. ಬೆನ್ನು ಸ್ವಲ್ಪ ಬಾಗಿ ಭುಜ ಮುಂದಕ್ಕೆ ಬಂದ್ರೆ ಪಟ್ಟಿ ಜಾರುತ್ತೆ. ಚರ್ಮ ತೆಳ್ಳಗಾಗಿ ಒಣಗುತ್ತೆ, ಎಲಾಸ್ಟಿಕ್ ಉಜ್ಜಿದ್ರೆ ಬೇಗ ಗಾಯ ಆಗುತ್ತೆ. ಮುಟ್ಟು ನಿಲ್ಲೋ ಸಮಯದಲ್ಲಿ ಇದ್ದಕ್ಕಿದ್ದ ಹಾಗೆ ಮೈ ಬಿಸಿಯಾಗಿ ಬೆವರೋದು ಬೇರೆ. ಫ್ರೋಜನ್ ಶೋಲ್ಡರ್ ಜಾಸ್ತಿ ಬರೋದು 40ರಿಂದ 60ರ ಒಳಗೆ, ಶುಗರ್ ಇದ್ದವರಿಗೆ ಇನ್ನೂ ಹೆಚ್ಚು. ಕೈ ಹಿಂದಕ್ಕೇ ಹೋಗದವರಿಗೆ ಬೆನ್ನಲ್ಲಿ ಹುಕ್ ಇಟ್ಟಿರೋ ಬಟ್ಟೆ ಅಂದ್ರೆ ದಿನಾ ಬೆಳಿಗ್ಗೆ ಒಂದು ಯುದ್ಧ. ನಮ್ಮ ಅಜ್ಜಿಯರು ಮುಂದೆ ಗಂಟು ಕಟ್ಟೋ ರವಿಕೆ ಹಾಕ್ತಿದ್ರು. ಕೈ ಹಿಂದೆ ಹೋಗಬೇಕಾಗಿರಲಿಲ್ಲ, ಗಂಟನ್ನ ಬೇಕಾದಷ್ಟೇ ಬಿಗಿ ಮಾಡಬಹುದಿತ್ತು.

ಇನ್ನೊಂದು ವಿಷಯ. ಭಾರದ ಹೆಚ್ಚಿನ ಪಾಲು ಹೊರಬೇಕಾಗಿರೋದು ಎದೆ ಕೆಳಗಿನ ಬ್ಯಾಂಡ್, ಭುಜದ ಪಟ್ಟಿ ಅಲ್ಲ. ಎಲಾಸ್ಟಿಕ್ ಸತ್ತ ಹಳೇ ಬ್ರಾದಲ್ಲಿ ಬ್ಯಾಂಡ್ ಹಿಂದಿನಿಂದ ಮೇಲಕ್ಕೆ ಏರುತ್ತೆ, ಭಾರ ಎಲ್ಲಾ ಭುಜಕ್ಕೆ ಬೀಳುತ್ತೆ. ಅಮ್ಮ ಏನ್ ಮಾಡ್ತಾರೆ? ಪಟ್ಟಿ ಇನ್ನೂ ಬಿಗಿ ಮಾಡ್ತಾರೆ, ಕಿತ್ತು ಹೋದ್ರೆ ಪಿನ್ ಹಾಕ್ತಾರೆ. ಮಕ್ಕಳಿಗೆ ಫೀಸು, ಶೂ, ಫೋನು ಎಲ್ಲಾ ಆದ ಮೇಲೆ ಉಳಿದ್ರೆ ಇವರಿಗೆ ಹೊಸದು.

"ಹಾಗಾದ್ರೆ ಬ್ರಾನೇ ಬೇಡ ಬಿಡಿ" ಅಂತ ಕೆಲವರು ಹೇಳ್ತಾರೆ. ಬೇಡದವರು ಖಂಡಿತ ಬಿಡಲಿ. ಹಾಕಿಲ್ಲ ಅಂದ್ರೆ ರೋಗ ಏನೂ ಬರಲ್ಲ. ಆದ್ರೆ ದಿನವಿಡೀ ನಿಂತು ಪಾಠ ಮಾಡೋ ಟೀಚರ್‌ಗೆ, ಗಾರ್ಮೆಂಟ್ಸ್‌ನಲ್ಲಿ ಮಷೀನ್ ಮುಂದೆ ಕೂರೋರಿಗೆ, ಬಸ್ ಕಂಡಕ್ಟರ್‌ಗೆ "ಬಿಟ್ಟುಬಿಡಿ" ಅನ್ನೋದು ಸುಲಭದ ಮಾತಲ್ಲ. ಭಾರ ಜಾಸ್ತಿ ಇರೋರಿಗೆ ಆಧಾರ ಇಲ್ಲದಿದ್ರೂ ನೋವು. ಹಾಕೋದು ಬಿಡೋದು ಅವರಿಷ್ಟ, ಹಾಕಿದ್ರೆ ನೋಯಬಾರದು ಅಷ್ಟೇ.

ವೈರ್ ಇದ್ರೆ ಕ್ಯಾನ್ಸರ್ ಬರುತ್ತೆ ಅನ್ನೋ ಫಾರ್ವರ್ಡ್ ಕೂಡ ನಿಮಗೆ ಬಂದಿರುತ್ತೆ. 2014ರಲ್ಲಿ ಅಮೆರಿಕದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು 55ರಿಂದ 74 ವಯಸ್ಸಿನ ಸುಮಾರು 1,500 ಮಹಿಳೆಯರ ಮಾಹಿತಿ ತಗೊಂಡು ನೋಡಿದ್ರು. ವೈರ್ ಇರಲಿ ಬಿಡಲಿ, ದಿನಕ್ಕೆ ಎಷ್ಟು ಗಂಟೆ ಹಾಕಲಿ, ಸಂಬಂಧ ಏನೂ ಕಾಣಲಿಲ್ಲ.

ನನಗೆ ಭಯ ಇರೋದು ಬೇರೆ ಕಡೆ. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣಿಸೋದು ಸ್ತನ ಕ್ಯಾನ್ಸರ್. ಹೊಸ ಗಂಟು, ಚರ್ಮದಲ್ಲಿ ಗುಳಿ, ತೊಟ್ಟು ಒಳಕ್ಕೆ ಎಳೆದ ಹಾಗಾಗೋದು, ತೊಟ್ಟಿನಿಂದ ರಕ್ತ, ಒಂದೇ ಕಡೆ ಆಕಾರ ಬದಲಾಗೋದು: ಇವು ಬ್ರಾ ಬದಲಾಯಿಸಿ ನೋಡೋ ವಿಷಯಗಳಲ್ಲ, ತಕ್ಷಣ ಡಾಕ್ಟರ್ ಹತ್ರ ಹೋಗೋ ವಿಷಯಗಳು. ಗಂಟು ನೋಯಲಿಲ್ಲ ಅಂತಾನೂ ಬಿಡಬೇಡಿ. ಈಗ ಯೋಚನೆ ಮಾಡಿ. ಅಂಗಡೀಲಿ "36 ಸಿ ಕೊಡಿ" ಅನ್ನೋಕೆ ನಾಚೋ ಅಮ್ಮ, "ಇಲ್ಲೊಂದು ಗಂಟು ಸಿಗ್ತಿದೆ" ಅಂತ ಯಾರಿಗೆ, ಯಾವಾಗ ಹೇಳ್ತಾರೆ? ಎರಡೂ ಕಡೆ ಬಾಯಿ ಕಟ್ಟಿರೋದು ಒಂದೇ ನಾಚಿಕೆ. ಸಣ್ಣ ಮಾತು ಮನೇಲಿ ಸಲೀಸಾದ್ರೆ ದೊಡ್ಡ ಮಾತೂ ಬೇಗ ಹೊರಗೆ ಬರುತ್ತೆ. ಇಷ್ಟುದ್ದ ಬರೆದಿದ್ದು ಇದೊಂದು ಕಾರಣಕ್ಕೆ.

ಮಾಡಬೇಕಾಗಿರೋದು ಇಷ್ಟು:

▪️ಟೇಪ್ ತಗೊಂಡು ಎರಡು ಅಳತೆ. ಎದೆ ಕೆಳಗೆ ಬಿಗಿಯಾಗಿ ಒಂದು, ಎದೆ ತುಂಬಿರೋ ಕಡೆ ಸಡಿಲವಾಗಿ ಒಂದು. ಬ್ರಾಂಡಿಂದ ಬ್ರಾಂಡಿಗೆ ಲೆಕ್ಕ ಬೇರೆ, ಅವರವರ ಚಾರ್ಟ್‌ನಲ್ಲೇ ಹಾಕಿ ನೋಡಿ. ವರ್ಷಕ್ಕೊಮ್ಮೆ ಅಳೀರಿ.

▪️ನಂಬರ್ ಒಂದನ್ನೇ ಏರಿಸಬೇಡಿ. 34 ಬಿಯಿಂದ 36 ಬಿಗೆ ಹೋದ್ರೆ ಕಪ್ಪೂ ದೊಡ್ಡದಾಗುತ್ತೆ. ಬ್ಯಾಂಡ್ ಮಾತ್ರ ಬಿಗಿ ಅಂದ್ರೆ 36 ಎ ನೋಡಿ.

▪️ಹೊಸ ಬ್ರಾ ಕೊನೇ ಹುಕ್ಕಿಗೆ, ಅಂದ್ರೆ ಅತಿ ಸಡಿಲದ್ದಕ್ಕೆ ಸರಿಯಾಗಿ ಕೂರಬೇಕು. ಎಲಾಸ್ಟಿಕ್ ಸಡಿಲ ಆದ ಹಾಗೆ ಒಳಗಿನ ಹುಕ್ಕಿಗೆ ಹೋಗಬಹುದು.

▪️ಇರೋದು ಬಿಗಿ ಆದ್ರೆ ಹುಕ್ ಎಕ್ಸ್‌ಟೆಂಡರ್ ಸಿಗುತ್ತೆ. ಬ್ಲೌಸಿನ ಒಂದು ಹೊಲಿಗೆ ಬಿಚ್ಚಿದ ಹಾಗೆ ಅದು.

▪️ಕೈ ಹಿಂದೆ ಹೋಗಲ್ವಾ? ಮುಂದೆ ಹುಕ್ ಇರೋದು, ಅಗಲ ಪಟ್ಟಿ, ಕಾಟನ್, ವೈರ್ ಇಲ್ಲದ್ದು.

▪️ಟವೆಲ್ ಕೆಳಗೆ ಬಚ್ಚಿಟ್ಟು ಒಣಗಿಸಬೇಡಿ. ತೇವ ಉಳಿದ ಬಟ್ಟೆ, ಬೆವರು ಸೇರಿದ್ರೆ ಫಂಗಸ್ ಬಂದು ತುರಿಕೆ ಶುರು. ಗಾಳಿ ಆಡೋ ಕಡೆ ಹಾಕಿ, ಯಾರೂ ಸಾಯಲ್ಲ.

ಆನ್‌ಲೈನ್ ಆರ್ಡರ್ ಮಾಡೋಕೆ ಬರೋದು ನಮಗೆ. ಮನೇಲಿ ಕೂತು ಅಳೆದು, ವಾಪಸ್ ತಗೊಳ್ತಾರಾ ಅಂತ ನೋಡ್ಕೊಂಡು, ಹಾಕಿ ನೋಡಿ, ಸರಿ ಇಲ್ಲ ಅಂದ್ರೆ ಬದಲಾಯಿಸೋ ಅವಕಾಶ ನಮ್ಮ ಅಮ್ಮಂದಿರಿಗೆ ಮೊದಲ ಸಲ ಸಿಗ್ತಿದೆ. ಅದನ್ನ ಕೊಡಿಸೋಣ. ಈ ಭಾನುವಾರ ಟೇಪ್ ಹಿಡ್ಕೊಂಡು ಕೇಳಿ: "ಅಮ್ಮ, ನಿಂದು ಕೊನೇ ಸಲ ಅಳೆದಿದ್ದು ಯಾವಾಗ?"

ಕಾಮೆಂಟಲ್ಲಿ ನಂಬರ್ ಬೇಡ. ಅಮ್ಮ ಏನಂದ್ರು ಅಂತ ಬರೀರಿ.

#ಮೈಮಾತು #ಅಮ್ಮನಅಳತೆ #ಕನ್ನಡದಲ್ಲಿಮಾತಾಡೋಣ